ಮೆಲನೋಮಾ ಲಸಿಕೆ: ವರ್ಷಗಳು ಕಳೆದ ಮೇಲೆ ಉಳಿದದ್ದೆಷ್ಟು?

ಮಂಗನ ಕಾಯಿಲೆಗೆ ಎರಡು ಡೋಸ್ ಹಾಕಿಸಿಕೊಂಡ ಮೇಲೂ ಬೂಸ್ಟರ್‌ಗಾಗಿ ಮತ್ತೆ ಮತ್ತೆ ತೋಳು ಚಾಚಿದ ಸೊರಬ, ಸಾಗರ, ತೀರ್ಥಹಳ್ಳಿ ಕಡೆಯವರಿಗೆ, ಯಾವ ಲಸಿಕೆಯ ಬಗ್ಗೆಯಾದರೂ ಮೊದಲು ಕೇಳಬೇಕಾದ ಪ್ರಶ್ನೆ ಗೊತ್ತೇ ಇದೆ: ಅದರ ಫಲ ಎಷ್ಟು ಕಾಲ ಉಳಿಯುತ್ತದೆ? ಕ್ಯಾನ್ಸರ್‌ಗೂ ಲಸಿಕೆ ಬಂತಂತೆ ಎಂಬ ಸುದ್ದಿ ಮೊಬೈಲ್‌ಗಳಲ್ಲಿ ಹರಿದಾಡುತ್ತಿರುವಾಗ, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಲಸಿಕೆಗಳನ್ನೂ ಇದೇ ಪ್ರಶ್ನೆಯಿಂದ ಅಳೆಯಬೇಕು. ಇವು ರೋಗ ಬಾರದಂತೆ ತಡೆಯುವ ಚುಚ್ಚುಮದ್ದುಗಳಲ್ಲ. ರೋಗ ಬಂದವರ ದೇಹದಲ್ಲಿ, ಕ್ಯಾನ್ಸರ್ ಕೋಶಗಳನ್ನು ಗುರುತಿಸಿ ಕೊಲ್ಲುವಂತೆ ರೋಗನಿರೋಧಕ ಕೋಶಗಳನ್ನು ಸಜ್ಜುಗೊಳಿಸುವ ಚಿಕಿತ್ಸೆಗಳು.

1890ರ ದಶಕದಲ್ಲಿ ನ್ಯೂಯಾರ್ಕಿನ ವೈದ್ಯ ವಿಲಿಯಂ ಕೋಲಿ ಬ್ಯಾಕ್ಟೀರಿಯಾ ಚುಚ್ಚಿ ಗಡ್ಡೆ ಕರಗಿಸಲು ಹೊರಟಲ್ಲಿಂದ, ಮೆಲನೋಮಾ ಕೋಶದ ಗುರುತಾದ ಮೊದಲ ಮೇಜ್ ವಂಶವಾಹಿ 1991ರಲ್ಲಿ ಬ್ರಸೆಲ್ಸ್‌ನಲ್ಲಿ ಪತ್ತೆಯಾಗುವ ಹೊತ್ತಿಗೆ ನೂರು ವರ್ಷ ಸಂದಿತ್ತು. ಮುಂದಿನ ಎರಡು ದಶಕ ನಿರಾಸೆಯವು. ಅಮೆರಿಕದಲ್ಲಿ ಲಸಿಕೆ ಪಡೆದ 440 ರೋಗಿಗಳ ದಾಖಲೆಗಳನ್ನು 2004ರಲ್ಲಿ ಪರಿಶೀಲಿಸಿದಾಗ, ಗಡ್ಡೆ ಕುಗ್ಗಿದ್ದು ಶೇ 2.6ರಷ್ಟು ಮಂದಿಯಲ್ಲಿ ಮಾತ್ರ. ಕ್ಯಾನ್‌ವ್ಯಾಕ್ಸಿನ್ ಎಂಬ ಲಸಿಕೆಯ ಪ್ರಯೋಗಗಳು 2005ರಲ್ಲಿ ನಿಂತವು. 1,300ಕ್ಕೂ ಹೆಚ್ಚು ರೋಗಿಗಳಿದ್ದ, ಮೇಜ್ ಗುಂಪಿನದೇ ಗುರುತೊಂದನ್ನು ಗುರಿಯಾಗಿಸಿದ ಮೇಜ್-ಎ3 ಲಸಿಕೆಯ ಪ್ರಯೋಗ 2013ರಲ್ಲಿ ವಿಫಲವಾಯಿತು. ಅಲ್ಲಿ ಲಸಿಕೆಗೆ ದೇಹ ಪ್ರತಿಕ್ರಿಯಿಸಿದ್ದು ರಕ್ತಪರೀಕ್ಷೆಯಲ್ಲಿ ಕಂಡಿತ್ತು, ಆದರೆ ರೋಗ ಮರುಕಳಿಸುವುದು ಕಡಿಮೆಯಾಗಲಿಲ್ಲ. ಪ್ರಯೋಗಾಲಯದ ಅಂಕಿಯನ್ನೇ ಗುಣಮುಖವೆಂದು ಸಾರುವ ಆತುರಕ್ಕೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿರಲಿಲ್ಲ.

ಎಲ್ಲರಿಗೂ ಒಂದೇ ಲಸಿಕೆ ಎಂಬ ಆಲೋಚನೆಯನ್ನೇ ಬದಿಗಿಟ್ಟ ಮೇಲೆ ದಾರಿ ಬದಲಾಯಿತು. ರೋಗಿಯ ಗಡ್ಡೆಯ ವಂಶವಾಹಿಗಳನ್ನು ಓದಿ, ಅದರಲ್ಲಷ್ಟೇ ಇರುವ ರೂಪಾಂತರಗಳನ್ನು, ಅಂದರೆ ವಂಶವಾಹಿಯಲ್ಲಾದ ಬದಲಾವಣೆಗಳನ್ನು, ಗುರುತುಗಳಾಗಿ ಆರಿಸಿ, ಆ ಒಬ್ಬರಿಗಾಗಿಯೇ ಲಸಿಕೆ ತಯಾರಿಸುವ ಪ್ರಯತ್ನದ ಮೊದಲ ಫಲಿತಾಂಶಗಳು 2017ರಲ್ಲಿ ಅಮೆರಿಕದ ಬಾಸ್ಟನ್ ಮತ್ತು ಜರ್ಮನಿಯ ಮೈಂಜ್‌ನಿಂದ ಬಂದವು. ಬಾಸ್ಟನ್ನಿನ ಎಂಟು ರೋಗಿಗಳು ಸುಮಾರು ನಾಲ್ಕು ವರ್ಷಗಳ ಬಳಿಕವೂ ಬದುಕಿದ್ದರು. ಲಸಿಕೆ ಸಜ್ಜುಗೊಳಿಸಿದ ಟಿ-ಕೋಶಗಳೆಂಬ ರೋಗನಿರೋಧಕ ಕೋಶಗಳು ಅವರ ದೇಹದಲ್ಲಿ ಆಗಲೂ ಇದ್ದವು. ಎಂಟು ಜನರಿಂದ, ಅದೂ ಹೋಲಿಸಲು ಇನ್ನೊಂದು ಗುಂಪಿಲ್ಲದೆ, ತೀರ್ಮಾನಕ್ಕೆ ಬರಲಾಗದು, ನಿಜ. ಆದರೂ ಕ್ಯಾನ್ಸರಿನ ಗುರುತಿನ ನೆನಪು ಆ ಕೋಶಗಳಲ್ಲಿ ಉಳಿದದ್ದು ಸಣ್ಣ ಸಂಗತಿಯಲ್ಲ.

ಬಳಿಕ, ಗುರುತುಗಳನ್ನು ತಯಾರಿಸುವ ಸೂಚನೆಯನ್ನು ಕೋಶಗಳಿಗೆ ಒಯ್ಯುವ ಎಂಆರ್‌ಎನ್‌ಎ ಲಸಿಕೆ ಬಂತು. ಗಡ್ಡೆಯನ್ನು ಪೂರ್ತಿ ತೆಗೆಸಿಕೊಂಡ 157 ರೋಗಿಗಳ ಪೈಕಿ 107 ಮಂದಿಗೆ, 34ರವರೆಗಿನ ಗುರುತುಗಳನ್ನು ಹೊತ್ತ ಲಸಿಕೆಯನ್ನು, ರೋಗನಿರೋಧಕ ಕೋಶಗಳ ಮೇಲಿನ ತಡೆ ತೆಗೆಯುವ ಪೆಂಬ್ರೊಲಿಜುಮಾಬ್ ಔಷಧದ ಜೊತೆಗೆ, ಉಳಿದವರಿಗೆ ಆ ಔಷಧವನ್ನಷ್ಟೇ ಕೊಡಲಾಯಿತು. ಒಂದೂವರೆ ವರ್ಷದ ಹೊತ್ತಿಗೆ ರೋಗ ಮರುಕಳಿಸದೆ ಉಳಿದವರು ಮೊದಲ ಗುಂಪಿನಲ್ಲಿ ಶೇ 78.6, ಎರಡನೆಯದರಲ್ಲಿ ಶೇ 62.2. 2024ರಲ್ಲಿ, ಸುಮಾರು ಮೂರು ವರ್ಷಗಳ ನಿಗಾ ಮುಗಿದಾಗಲೂ, ರೋಗ ಮರುಕಳಿಸುವ ಅಥವಾ ಸಾವು ಸಂಭವಿಸುವ ಅಪಾಯ ಲಸಿಕೆ ಪಡೆದವರಲ್ಲಿ ಶೇ 49ರಷ್ಟು ಕಡಿಮೆಯಿತ್ತು. ಹಳೆಯ ಲಸಿಕೆಗಳು ಸೋತಿದ್ದು ಇಲ್ಲೇ ಆದ್ದರಿಂದ ಈ ಅಂಕಿಗೆ ಬೆಲೆಯಿದೆ. ಆದರೆ ಯಾರಿಗೆ ಲಸಿಕೆ ಸಿಕ್ಕಿದೆಯೆಂಬುದು ರೋಗಿಗೂ ವೈದ್ಯರಿಗೂ ತಿಳಿದಿದ್ದ ಪ್ರಯೋಗವದು. ಅದನ್ನು ಮರೆಮಾಚಿ, ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆಸುವ ಮೂರನೇ ಹಂತದ ಪರೀಕ್ಷೆ 2023ರಲ್ಲಿ ಆರಂಭವಾಯಿತು.

ಮಲೆನಾಡಿನ ಓದುಗರು ಗಮನಿಸಬೇಕಾದ ಮಾತೊಂದು ಈ ಸುದ್ದಿಗಳಲ್ಲಿ ಅಪರೂಪಕ್ಕೂ ಬರುವುದಿಲ್ಲ. ಬಿಳಿ ಚರ್ಮದವರಲ್ಲಿ ಸಾಮಾನ್ಯವಾದ ಮೆಲನೋಮಾ ಬಿಸಿಲಿನಿಂದ ಹುಟ್ಟುವಂಥದ್ದು, ರೂಪಾಂತರಗಳಿಂದ ತುಂಬಿರುವಂಥದ್ದು. ನಮ್ಮವರಲ್ಲಿ ಈ ಕ್ಯಾನ್ಸರ್ ಅಪರೂಪ, ಬಂದರೆ ಹೆಚ್ಚಾಗಿ ಅಂಗಾಲಿನಲ್ಲಿ, ಅಂಗೈಯಲ್ಲಿ ಅಥವಾ ಉಗುರಿನ ಅಡಿಯಲ್ಲಿ. ತೋಟ, ಗದ್ದೆಗಳಲ್ಲಿ ಬರಿಗಾಲಲ್ಲಿ ದುಡಿಯುವವರು ಅದನ್ನು ಮುಳ್ಳು ಚುಚ್ಚಿದ ಕಲೆಯೆಂದೋ ಆಣಿಯೆಂದೋ ತಿಳಿದು ಸುಮ್ಮನಿದ್ದುಬಿಡುವ ಅಪಾಯವಿದೆ. ಈ ಬಗೆಯ ಗಡ್ಡೆಯಲ್ಲಿ ರೂಪಾಂತರಗಳು ತೀರಾ ಕಡಿಮೆಯಿರುವುದರಿಂದ, ಲಸಿಕೆಗೆ ಆರಿಸಿಕೊಳ್ಳಬಹುದಾದ ಗುರುತುಗಳೂ ಕಡಿಮೆ. ಹೀಗಾಗಿ ಶೇ 49 ಎಂಬ ಅಂಕಿಯನ್ನು ಅಂಗಾಲಿನ ಮೆಲನೋಮಾಕ್ಕೆ ಹಾಗೆಯೇ ಅನ್ವಯಿಸಲಾಗದು. ಅಂಥ ರೋಗಿಗಳನ್ನೇ ಸಾಕಷ್ಟು ಸಂಖ್ಯೆಯಲ್ಲಿ ಸೇರಿಸಿಕೊಂಡು, ಐದು ಹತ್ತು ವರ್ಷ ಹಿಂಬಾಲಿಸುವ ಪ್ರಯೋಗಗಳು ಇದಕ್ಕೆ ಬೇಕು.