ಹಾಡು ಬರುತ್ತೆ ಅಂತೀರಲ್ಲ, ಒಮ್ಮೆ ಸುಮ್ಮನಿದ್ದು ನೋಡಿ

ಏಪ್ರಿಲ್ ಬಂತು ಅಂದ್ರೆ ನನ್ನ ಫೋನಿಗೆ ಬಿಡುವಿಲ್ಲ. ವಿಬಿಎಸ್ (ರಜೆಯಲ್ಲಿ ಚರ್ಚ್‌ನಲ್ಲಿ ಮಕ್ಕಳಿಗೆ ನಡೆಸುವ ಬೈಬಲ್ ಶಿಬಿರ) ಶುರುವಾಗುವ ಮುಂಚೆ ಸಂಡೇ ಸ್ಕೂಲ್ ಟೀಚರ್‌ಗಳು ಒಬ್ಬರಾದ ಮೇಲೆ ಒಬ್ಬರು ಕೇಳುವುದು ಒಂದೇ. "ಆಂಟಿ, ಹಳೇ ಹಾಡು ರಿವಿಷನ್ ಮಾಡಿಸೋಕೆ ಯಾವುದಾದ್ರೂ ಗೇಮ್ ಹೇಳಿ. ಜಾಸ್ತಿ ತಯಾರಿ ಇರಬಾರದು." ಹೇಳುತ್ತೇನೆ. ಅವರು ಹೋಗಿ ಆಡಿಸುತ್ತಾರೆ. ಆಮೇಲೆ ವಾಟ್ಸಾಪ್‌ನಲ್ಲಿ ವಿಡಿಯೋ ಬರುತ್ತದೆ. ಮಕ್ಕಳು ಕುಣಿಯುತ್ತಿರುತ್ತಾರೆ, ಟೀಚರ್ ಮೈಕ್ ಹಿಡಿದು ಪಲ್ಲವಿಯಿಂದ ಕೊನೆಯ ಚರಣದವರೆಗೆ ಹಾಡುತ್ತಿರುತ್ತಾರೆ. ಕೇಳಿಸುವುದು ಅವರ ಧ್ವನಿ ಮಾತ್ರ. ಕೆಳಗೆ ಒಂದು ಸಾಲು: "ಮಕ್ಕಳಿಗೆ ಸೂಪರಾಗಿ ಬರುತ್ತೆ ಆಂಟಿ!"

ಬರಲ್ಲ ಕಣಮ್ಮಾ. ನಿನಗೆ ಬರುತ್ತೆ.

ಇದನ್ನು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ. ಇವತ್ತು ಬರೆದೇ ಬಿಡುತ್ತೇನೆ. ನೀವು ಹಾಡುತ್ತಿರುವಾಗ ಮಕ್ಕಳು ಹಾಡುವುದಿಲ್ಲ, ನಿಮ್ಮನ್ನು ಹಿಂಬಾಲಿಸುತ್ತಾರೆ. ನಿಮ್ಮ ಬಾಯಿಂದ ಪದದ ಮೊದಲ ಅಕ್ಷರ ಬಿದ್ದ ತಕ್ಷಣ ಉಳಿದದ್ದನ್ನು ಹಿಡಿದುಕೊಳ್ಳುತ್ತಾರೆ. ಮಕ್ಕಳು ಇದರಲ್ಲಿ ಎಷ್ಟು ಚುರುಕು ಅಂದ್ರೆ, ಎದುರಿಗೆ ನಿಂತ ನಿಮಗೆ ಆ ಅರ್ಧ ಕ್ಷಣದ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಸ್ಕೂಲ್ ಆಟೋದಲ್ಲಿ ಹಿಂದೆ ಕೂತ ಮಗು ನಾಲ್ಕು ವರ್ಷ ಅದೇ ದಾರಿಯಲ್ಲಿ ಓಡಾಡಿರುತ್ತದೆ. ಒಂದು ದಿನ ಡ್ರೈವರ್ "ಈಗ ಎಡಕ್ಕಾ, ಬಲಕ್ಕಾ?" ಅಂದರೆ ಕಣ್ಣು ಕಣ್ಣು ಬಿಡುತ್ತದೆ. ಹಾಡಿನಲ್ಲೂ ಅದೇ ಕಥೆ. ಹ್ಯಾಂಡಲ್ ನಿಮ್ಮ ಕೈಯಲ್ಲಿದ್ದಷ್ಟು ದಿನ ಅವರಿಗೆ ದಾರಿ ಬೇಕಾಗಿಲ್ಲ.

ನಾನು ಇದನ್ನು ಕಲಿತದ್ದು ಮಾನ ಕಳಕೊಂಡು. ಒಂದು ಕ್ರಿಸ್‌ಮಸ್ ಪ್ರೋಗ್ರಾಮಿಗೆ ಹದಿನಾಲ್ಕು ಮಕ್ಕಳಿಗೆ ಆರು ವಾರ ಒಂದೇ ಹಾಡು ಕಲಿಸಿದ್ದೆ. ಡಿಸೆಂಬರ್ ಚಳಿಗೆ ನನ್ನ ಗಂಟಲು ಕಟ್ಟಿತು. ಮಕ್ಕಳಿಗೆ ಬರುತ್ತಲ್ಲ ಅನ್ನೋ ಧೈರ್ಯದಲ್ಲಿ ಮುಂದೆ ನಿಂತು ಸುಮ್ನೆ ಕೈ ಆಡಿಸಿದೆ. ಮೊದಲ ಸಾಲು ಜೋರಾಗಿಯೇ ಬಂತು. ಎರಡನೆಯದು ಇಬ್ಬರಿಂದ ಬಂತು. ಮೂರನೇ ಸಾಲಿಗೆ ಕೀಬೋರ್ಡ್ ಮಾತ್ರ. ಹದಿನಾಲ್ಕು ಜೊತೆ ಕಣ್ಣು ನನ್ನ ತುಟಿಯನ್ನೇ ನೋಡುತ್ತಿದ್ದವು. ಹಿಂದಿನ ಬೆಂಚಿನಲ್ಲಿ ಯಾರೋ ಅಜ್ಜಿ "ಪಾಪ, ಮಕ್ಕಳಿಗೆ ಭಯ" ಅಂದರು. ಭಯ ಅಲ್ಲ ಅಜ್ಜಿ, ನಾನು ಕಲಿಸಿರಲೇ ಇಲ್ಲ.

2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಅನ್ನೋ ಮನಶ್ಶಾಸ್ತ್ರಜ್ಞರು ಇದಕ್ಕೆ ಹತ್ತಿರದ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನೇ ಮತ್ತೆ ಮತ್ತೆ ಓದಿದರು. ಕೆಲವರು ಪುಸ್ತಕ ಮುಚ್ಚಿ, ನೆನಪಾದದ್ದನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಮಾಡಿದಾಗ ಪುಸ್ತಕ ಮುಚ್ಚಿದವರು ಮುಂದಿದ್ದರು. ಅವರು ಓದಿದ್ದು ಗದ್ಯ, ಹಾಡಲ್ಲ. ಅವರು ದೊಡ್ಡವರು, ನಮ್ಮವು ಮಕ್ಕಳು. ಹಾಗಾಗಿ ಇದನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ಆದರೆ ಆ "ಐದು ನಿಮಿಷ", "ಒಂದು ವಾರ" ನೋಡಿದಾಗ ನನಗೆ ನಗು ಬಂತು. ನಮ್ಮದು ವಾರಕ್ಕೊಂದು ಕ್ಲಾಸ್ ಅಲ್ವಾ? ಭಾನುವಾರ ಹತ್ತು ಸಲ ಹಾಡಿಸಿ "ಬಂತು" ಅಂತ ಮನೆಗೆ ಹೋಗುತ್ತೀವಿ. ಮುಂದಿನ ಭಾನುವಾರ ಪಲ್ಲವಿಯಿಂದ ಶುರು.

ಹಾಗಂತ ಹೊಸ ಹಾಡಿಗೂ ಬಾಯಿ ಮುಚ್ಚಿ ಕೂರಬೇಡಿ. ಕಲಿಸುವಾಗ ಹಾಡಿ, ಚೆನ್ನಾಗಿ ಹಾಡಿ, ಮಕ್ಕಳಿಗೆ ಸರಿಹೋಗುವ ಶ್ರುತಿಯಲ್ಲಿ ಹಾಡಿ. (ಗಿಟಾರ್ ಹಿಡಿದ ಅಣ್ಣಂದಿರು ತಮಗೆ ಸುಲಭ ಅಂತ ತೀರಾ ಕೆಳಗೆ ಎತ್ತಿಕೊಂಡು, ಮಕ್ಕಳು ಗೊಣಗಿದ ಹಾಗೆ ಹಾಡುತ್ತವೆ ಅಂತ ದೂರುವುದೂ ಉಂಟು. ಅದು ಇನ್ನೊಂದು ಅಂಕಣ.) ನಾನು ಹೇಳುತ್ತಿರುವುದು ಎರಡನೇ ವಾರದಿಂದ ಆಚೆಗೆ, ರಿವಿಷನ್ ಬಗ್ಗೆ.

ಆಟ ಬೇಕಾಗುವುದು ಇಲ್ಲಿ. ಮಕ್ಕಳನ್ನು ಖುಷಿಪಡಿಸುವುದಕ್ಕಿಂತ ಜಾಸ್ತಿ, ಟೀಚರನ್ನು ಸುಮ್ಮನಿರಿಸುವುದಕ್ಕೆ.

ನಾನು ಎಲ್ಲರಿಗೂ ಮೊದಲು ಹೇಳುವುದು ಮುಷ್ಟಿ ಆಟ. ತಯಾರಿಗೆ ಒಂದು ಕೈ ಸಾಕು. ಅಂಗೈ ಬಿಚ್ಚಿದರೆ ಮಕ್ಕಳು ಹಾಡಬೇಕು. ಮುಷ್ಟಿ ಹಿಡಿದರೆ ಧ್ವನಿ ನಿಲ್ಲಬೇಕು, ಹಾಡು ಮಾತ್ರ ಮನಸ್ಸಿನೊಳಗೆ ಓಡುತ್ತಿರಬೇಕು. ಮತ್ತೆ ಅಂಗೈ ಬಿಚ್ಚಿದಾಗ ಎಲ್ಲರೂ ಒಂದೇ ಪದದ ಮೇಲೆ ಇಳಿಯಬೇಕು. ಮೊದಲ ಸಲ ಸಂತೆಯಾಗುತ್ತದೆ, ಮಕ್ಕಳು ಬಿದ್ದು ಬಿದ್ದು ನಗುತ್ತವೆ. ಮೂರನೇ ಸಲಕ್ಕೆ ಕಾಲಿನಲ್ಲಿ ತಾಳ ಹಾಕುತ್ತಾ, ಹುಬ್ಬು ಗಂಟಿಕ್ಕಿಕೊಂಡು ಕಾಯುತ್ತವೆ. ಹಂಗೇರಿಯ ಸಂಗೀತಗಾರ ಜೋಲ್ತಾನ್ ಕೊಡಾಯ್ ಅವರ ಪದ್ಧತಿಯಲ್ಲಿ ಕಲಿಸುವವರು ಒಳಗಿವಿ ಅಂತ ಒಂದು ಮಾತು ಹೇಳುತ್ತಾರೆ, ಸದ್ದಿಲ್ಲದೆ ಸ್ವರ ಕೇಳಿಸಿಕೊಳ್ಳುವುದು. ಆ ಹುಬ್ಬು ಗಂಟಿಕ್ಕಿದ ಮುಖ ನೋಡಿದರೆ ನಿಮಗೇ ಅರ್ಥವಾಗುತ್ತದೆ. ಒಂದು ಎಚ್ಚರಿಕೆ: ಮುಷ್ಟಿ ಹಿಡಿದಾಗ ನಿಮ್ಮ ತುಟಿ ಅಲ್ಲಾಡಬಾರದು. ಅಲ್ಲಾಡುತ್ತದೆ. ನನ್ನದೂ ಅಲ್ಲಾಡುತ್ತದೆ. ಅದಕ್ಕೇ ನಾನು ಒಮ್ಮೊಮ್ಮೆ ಗೋಡೆ ಕಡೆ ತಿರುಗಿ ನಿಂತು ಕೈ ಮಾತ್ರ ಮೇಲೆತ್ತುತ್ತೇನೆ.

ಎರಡನೆಯದು ಚಾವಿ ಹುಡುಕೋ ಆಟ. ಒಂದು ಮಗುವನ್ನು ಹೊರಗೆ ಕಳಿಸಿ, ಸ್ಕೂಟರ್ ಚಾವಿ ಎಲ್ಲಾದರೂ ಬಚ್ಚಿಡಿ. ಒಳಗೆ ಬಂದವರಿಗೆ ಮಿಕ್ಕವರು ಹಾಡಿನಲ್ಲೇ ಸುಳಿವು ಕೊಡಬೇಕು. ಎಲ್ಲರೂ ಆಡಿಸುವುದು ಹತ್ತಿರ ಬಂದಂತೆ ಜೋರಾಗಿ ಹಾಡಿ ಅಂತ. ದಯವಿಟ್ಟು ತಿರುಗಿಸಿ. ದೂರ ಇದ್ದಾಗ ಮಾಮೂಲಿ ಧ್ವನಿ, ಹತ್ತಿರ ಬಂದಂತೆ ಮೆತ್ತಗೆ, ಚಾವಿ ಪಕ್ಕ ಬಂದಾಗ ಪಿಸುಮಾತು. ಜೋರು ಅಂದರೆ ಮಕ್ಕಳಿಗೆ ಕಿರುಚು ಅಂತ ಅರ್ಥ. ಕಿರುಚಿದರೆ ಶ್ರುತಿಯೂ ಹೋಗುತ್ತದೆ, ಗಂಟಲೂ ಹೋಗುತ್ತದೆ, ಪಕ್ಕದಲ್ಲಿ ದೊಡ್ಡವರ ಆರಾಧನೆ ನಡೆಯುತ್ತಿದ್ದರೆ ಪಾಸ್ಟರ್ ಕೂಡ ಬಾಗಿಲಿಗೆ ಬರುತ್ತಾರೆ. ಮೆತ್ತಗೆ ಹಾಡುವಾಗ ಮಾತ್ರ ಅವು ಒಂದರ ಧ್ವನಿ ಒಂದು ಕೇಳಿಸಿಕೊಳ್ಳುತ್ತವೆ. ಹುಡುಕುವವರು ನಾಲ್ಕು ಜನ ಬದಲಾಗುವಷ್ಟರಲ್ಲಿ ಹಾಡು ಏಳೆಂಟು ಸುತ್ತು ಆಗಿರುತ್ತದೆ, ಯಾರೂ "ಮತ್ತೆ ಅದೇನಾ?" ಅಂದಿರುವುದಿಲ್ಲ.

ಅಂತ್ಯಾಕ್ಷರಿ ಬೇಡ್ವಾ ಅಂತ ಕೇಳುತ್ತೀರಿ. ಪಿಕ್ನಿಕ್ ಬಸ್ಸಿನಲ್ಲಿ ಆಡಿ, ನಾನೂ ಸೇರುತ್ತೇನೆ. ರಿವಿಷನ್‌ಗೆ ಬೇಡ. ಅಂತ್ಯಾಕ್ಷರಿಗೆ ಬೇಕಾಗುವುದು ಮೊದಲ ಸಾಲು ಮಾತ್ರ. ನಮ್ಮ ಮಕ್ಕಳಿಗೆ ನಲವತ್ತು ಹಾಡಿನ ಮೊದಲ ಸಾಲು ಬರುತ್ತದೆ, ಒಂದು ಹಾಡಿನ ಎರಡನೇ ಚರಣ ಬರುವುದಿಲ್ಲ.

ಮ್ಯೂಸಿಕಲ್ ಚೇರ್ ಥರದವೂ ಬೇಡ. ಔಟ್ ಆದ ಮಗು ಗೋಡೆಗೆ ಒರಗಿ ಕೂತು ಪಕ್ಕದವನ ಬೂಟು ಬಿಚ್ಚುತ್ತದೆ. ಹಾಡಿನ ಆಟದಲ್ಲಿ ಮೊದಲು ಔಟ್ ಆಗುವುದು ಹಾಡು ಬರದ ಮಗುವೇ. ಯಾರಿಗೆ ಅಭ್ಯಾಸ ಬೇಕೋ ಅವರನ್ನೇ ಹೊರಗೆ ಕೂರಿಸುವ ಆಟ ಯಾಕೆ ಹೇಳಿ?

ಇನ್ನು ಪರದೆ. ಗೋಡೆ ಮೇಲೆ ಹಾಡಿನ ಸಾಲು ಬೀಳುತ್ತಿದ್ದರೆ ಅದೂ ಟೀಚರ್ ಬಾಯಿಯೇ, ಆರಿಸಿಬಿಡಿ. ಬೆಂಗಳೂರಲ್ಲಿ ಇನ್ನೊಂದು ತೊಂದರೆ ಇದೆ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಕನ್ನಡ ಮಾತು ಬಂದರೂ ಓದುವುದು ನಿಧಾನ ಅಂತ ಕನ್ನಡ ಹಾಡನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹಾಕುತ್ತಾರೆ. ಅಲ್ಲಿ ಲ, ಳ ಒಂದೇ. ನ, ಣ ಒಂದೇ. ಒಂದು ಗರಿಗಳ ಭಾನುವಾರದ (ಯೇಸು ಜೆರುಸಲೇಮಿಗೆ ಬಂದದ್ದನ್ನು ನೆನೆಯುವ ದಿನ) ಮುಂಚೆ ಪರದೆ ಆರಿಸಿ, ನಾನೂ ಸುಮ್ಮನಾಗಿ ಮುಷ್ಟಿ ಆಟ ಆಡಿಸುತ್ತಿದ್ದೆ. ಅಂಗೈ ಬಿಚ್ಚಿದಾಗ ಸ್ಪಷ್ಟವಾಗಿ ಕೇಳಿಸಿತು: "ಹೊಸಣ್ಣಾ! ಹೊಸಣ್ಣಾ!" ಆಟ ನಿಲ್ಲಿಸಿ ಕೇಳಿದೆ. ಆರು ವರ್ಷದ ಹುಡುಗಿ ತಾಳ್ಮೆಯಿಂದ ವಿವರಿಸಿದಳು. "ಯೇಸಪ್ಪ ಊರಿಗೆ ಹೊಸಬರು ಅಲ್ವಾ ಆಂಟಿ? ಅದಕ್ಕೆ ಹೊಸ ಅಣ್ಣ." ಹೊಸನ್ನ ಅಂದರೆ ಹೀಬ್ರೂ ಭಾಷೆಯಲ್ಲಿ "ನಮ್ಮನ್ನು ಕಾಪಾಡು" ಅನ್ನೋ ಕೂಗು ಅಂತ ಹೇಳಿಕೊಟ್ಟೆ. ತಲೆ ಅಲ್ಲಾಡಿಸಿದಳು, ಆದರೆ ತನ್ನ ಅರ್ಥವೇ ವಾಸಿ ಅನ್ನೋ ಮುಖ. ನಿಜ ಹೇಳಬೇಕಂದ್ರೆ ನನಗೂ ಹಾಗೇ ಅನ್ನಿಸಿತು. ಅವಳು ಎರಡು ವರ್ಷ ಹಾಗೇ ಹಾಡಿದ್ದಳಂತೆ. ನನ್ನ ಧ್ವನಿ ಮೇಲಿದ್ದುದರಿಂದ ನನಗೆ ಕೇಳಿಸಿರಲಿಲ್ಲ.

ಇಲ್ಲೊಂದು ಮಾತು. ತಪ್ಪು ಸಿಕ್ಕಿತು ಅಂತ ಆ ಮಗುವನ್ನು ಒಂಟಿಯಾಗಿ ನಿಲ್ಲಿಸಿ ಹಾಡಿಸಬೇಡಿ. ಇಡೀ ಗುಂಪಿಗೆ ಸರಿ ಮಾಡಿಸಿ. ಕೆಲವು ಮಕ್ಕಳು ವರ್ಷಗಟ್ಟಲೆ ಬಾಯಿ ಬಿಡುವುದಿಲ್ಲ, ಆದರೆ ಮನೆಯಲ್ಲಿ ಬಚ್ಚಲಲ್ಲಿ ಪೂರ್ತಿ ಹಾಡುತ್ತವೆ. ಅಮ್ಮಂದಿರು ಬಂದು ಹೇಳುತ್ತಾರೆ. ತೀರಾ ಚಿಕ್ಕವರಿಗೆ, ಮೂರು ನಾಲ್ಕು ವರ್ಷದವರಿಗೆ, ಈ ಮುಷ್ಟಿ ಗಿಷ್ಟಿ ಕಷ್ಟ. ಅವರ ಜೊತೆ ನೀವೇ ಹಾಡಿ, ಸಾಲಿನ ಕೊನೇ ಪದ ಮಾತ್ರ ಅವರಿಗೆ ಬಿಡಿ.

ಕೊನೆಯದು ನನ್ನ ಅಚ್ಚುಮೆಚ್ಚಿನದು. ಕೀಬೋರ್ಡ್ ಚೀಲದಲ್ಲಿ ನಾಲ್ಕು ಕವಡೆ ಇಟ್ಟುಕೊಂಡಿರುತ್ತೇನೆ. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಒಂದು ಕಡೆ ಬಿಳಿ ಕಾಣುವ ಹಾಗೆ ತೇಯ್ದುಕೊಳ್ಳಿ, ಅಜ್ಜಿಯರಿಗೆ ಗೊತ್ತು. ಚೌಕಾಬಾರ ಆಟದ ಲೆಕ್ಕವೇ, ಅಂಗಾತ ಬಿದ್ದವನ್ನು ಎಣಿಸಬೇಕು. ಒಂದು ಬಿದ್ದರೆ ಪಿಸುಮಾತಿನಲ್ಲಿ ಹಾಡಬೇಕು. ಎರಡು ಬಿದ್ದರೆ ಹುಡುಗರು ಒಂದು ಸಾಲು, ಹುಡುಗಿಯರು ಒಂದು ಸಾಲು. ಮೂರಕ್ಕೆ ಕಣ್ಣು ಮುಚ್ಚಿಕೊಂಡು. ನಾಲ್ಕೂ ಅಂಗಾತ ಬಿದ್ದು ಚೌಕ ಆದರೆ ಎದ್ದು ನಿಂತು ಚಪ್ಪಾಳೆಯೊಂದಿಗೆ ಪೂರ್ತಿ ಹಾಡು. ಜಾಸ್ತಿ ಬೀಳುವುದು ಎರಡೇ, ಆದ್ದರಿಂದ ಅದಕ್ಕೆ ಒಳ್ಳೆಯ ಅಭ್ಯಾಸ ಇಟ್ಟುಕೊಳ್ಳಿ.

ನಾಲ್ಕೂ ಬೋರಲಾಗಿ ಬಾರ ಬಿದ್ದರೆ ಟೀಚರ್ ಒಬ್ಬರೇ ಹಾಡಬೇಕು. ಮಕ್ಕಳು ಅದಕ್ಕೇ ಕಾಯುತ್ತಿರುತ್ತವೆ, ಕವಡೆ ಮೇಲೆ ಉಸಿರು ಊದಿ ಎಸೆಯುತ್ತವೆ. ಹೋದ ವರ್ಷದ ವಿಬಿಎಸ್‌ನಲ್ಲಿ ಬಾರ ಬಿತ್ತು. ಎದ್ದು ನಿಂತೆ. ಎರಡು ಚರಣ ಸಲೀಸಾಗಿ ಹೋಯಿತು. ಮೂರನೆಯದರ ಮೊದಲ ಪದ ಬಾಯಿಗೇ ಬರಲಿಲ್ಲ. ನಾನು ಮಕ್ಕಳ ತುಟಿ ನೋಡಿದೆ. ಮೂವತ್ತು ಮಕ್ಕಳೂ ಮುಷ್ಟಿ ಹಿಡಿದು, ತುಟಿ ಬಿಗಿದುಕೊಂಡು ಕೂತಿದ್ದವು. ಆಮೇಲೆ ಯಾರೋ ಕೂಗಿದರು, "ಆಂಟಿ ಔಟ್!"