ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2005: ದೂರಿನಿಂದ ಆದೇಶದವರೆಗೆ

ಈ ಕಾಯ್ದೆ ಓದುವವರು ಮೊದಲು ಎಡವುವುದು, ಇದು ಗಂಡನನ್ನು ಜೈಲಿಗೆ ಕಳಿಸುವ ಕಾನೂನು ಅಂದುಕೊಳ್ಳುವಲ್ಲಿ. ಅದೇ ಭಯಕ್ಕೆ ಎಷ್ಟೋ ಹೆಣ್ಣುಮಕ್ಕಳು ದೂರನ್ನೇ ಕೊಡುವುದಿಲ್ಲ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಈ ಕಾಯ್ದೆ ಕೊಡಿಸುವುದು ರಕ್ಷಣೆ, ಇರಲು ಮನೆ, ಖರ್ಚಿಗೆ ಹಣ, ಮಕ್ಕಳ ತಾತ್ಕಾಲಿಕ ಸುಪರ್ದಿ ಮತ್ತು ಪರಿಹಾರ. ರಕ್ಷಣಾ ಆದೇಶ ಮುರಿದರೆ ಆಗ ಶಿಕ್ಷೆ (ಸೆಕ್ಷನ್ 31): 1 ವರ್ಷದವರೆಗೆ ಜೈಲು, 20,000 ರೂ.ವರೆಗೆ ದಂಡ ಅಥವಾ ಎರಡೂ. ಕ್ರೌರ್ಯದ ಕ್ರಿಮಿನಲ್ ಕೇಸು ಬೇರೆ. ಅದು ಹಿಂದಿನ ಭಾರತೀಯ ದಂಡ ಸಂಹಿತೆಯ ಸೆಕ್ಷನ್ 498ಎ, ಈಗ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 85. ಎರಡನ್ನೂ ಹೂಡಬಹುದು.

ಹೊಡೆತವನ್ನು ಹಿಂಸೆ ಎಂದು ಎಲ್ಲರೂ ಒಪ್ಪುತ್ತಾರೆ. ಸೆಕ್ಷನ್ 3 ಅಷ್ಟಕ್ಕೇ ನಿಲ್ಲುವುದಿಲ್ಲ. ಗಂಡು ಮಗು ಹೆರಲಿಲ್ಲವೆಂದು ಹೀಯಾಳಿಸುವುದು, ಒತ್ತಾಯದ ಲೈಂಗಿಕ ಕ್ರಿಯೆ, ಮನೆಖರ್ಚಿಗೆ ಕೊಡದಿರುವುದು, ಸ್ತ್ರೀಧನದ ಒಡವೆ ಮಾರಿಕೊಳ್ಳುವುದು ಎಲ್ಲವೂ ಹಿಂಸೆಯೇ. ದೂರು ಕೊಡುವವಳು ಹೆಂಡತಿಯೇ ಆಗಬೇಕಿಲ್ಲ. ತಾಯಿ, ಅಕ್ಕ-ತಂಗಿ, ಮದುವೆಯಂಥ ಸಂಬಂಧದಲ್ಲಿ ಜೊತೆಗಿದ್ದವಳೂ ಕೊಡಬಹುದು.

ಕರ್ನಾಟಕದಲ್ಲಿ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಈ ಕಾಯ್ದೆಯಡಿ ದೂರು ಪಡೆಯುವ ಸಂರಕ್ಷಣಾಧಿಕಾರಿ. ಅವರು ನಮೂನೆ 1ರಲ್ಲಿ ಕೌಟುಂಬಿಕ ಘಟನಾ ವರದಿ (ಡಿಐಆರ್) ಬರೆಯುತ್ತಾರೆ. ಇಲ್ಲೇ ತಪ್ಪಾಗುವುದು: ಡಿಐಆರ್ ಆಯಿತೆಂದರೆ ಕೇಸು ಆಯಿತೆಂದು ಕಾಯುತ್ತ ಕೂರುವವರಿದ್ದಾರೆ. ಅದು ವರದಿ ಮಾತ್ರ. ಆದೇಶ ಬೇಕಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ನಮೂನೆ 2ರಲ್ಲಿ ಸೆಕ್ಷನ್ 12ರ ಅರ್ಜಿ ಹೋಗಬೇಕು. ತವರಿನಲ್ಲಿದ್ದರೆ ತವರಿನ ವ್ಯಾಪ್ತಿಯ ಕೋರ್ಟಿನಲ್ಲೇ ಹಾಕಬಹುದು. ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದಲ್ಲಿ ತೀರ್ಮಾನಕ್ಕೆ ಯತ್ನ ಎಂದು ಕಾನೂನು ಹೇಳಿದರೂ ಕೇಸುಗಳು ಎಳೆಯುತ್ತವೆ. ಆದ್ದರಿಂದ ಮೊದಲ ದಿನವೇ ನಮೂನೆ 3ರ ಪ್ರಮಾಣಪತ್ರ (ಅಫಿಡವಿಟ್) ಸೇರಿಸಿ ಸೆಕ್ಷನ್ 23ರ ಮಧ್ಯಂತರ ಆದೇಶ, ಅಂದರೆ ಕೊನೆಯ ತೀರ್ಮಾನದವರೆಗಿನ ತಾತ್ಕಾಲಿಕ ಆದೇಶ, ಕೇಳಿ. ಇದನ್ನು ಬಿಟ್ಟರೆ ಅರ್ಜಿ ಅರ್ಧ ಬಲ ಕಳೆದುಕೊಂಡಂತೆ.

ಮನೆ ಅತ್ತೆ-ಮಾವನ ಹೆಸರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ವಾಸದ ಹಕ್ಕು ಹೋಗುವುದಿಲ್ಲ. ಸುಪ್ರೀಂ ಕೋರ್ಟ್ 2020ರಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಹಾಗೆಂದಿದೆ.

ಗಾಯವಾದರೆ ವೈದ್ಯರ ಹತ್ತಿರ "ಜಾರಿ ಬಿದ್ದೆ" ಅನ್ನಬೇಡಿ. ಚೀಟಿಯಲ್ಲಿ ಬರೆದದ್ದೇ ಮುಂದೆ ನಿಮ್ಮ ವಿರುದ್ಧದ ಸಾಕ್ಷ್ಯವಾಗುತ್ತದೆ.

ಪ್ರಾಣಭಯವಿದ್ದರೆ 112. ಮಹಿಳಾ ಸಹಾಯವಾಣಿ 181. ವೈದ್ಯಕೀಯ ನೆರವು, ತಾತ್ಕಾಲಿಕ ಆಸರೆ, ಆಪ್ತಸಮಾಲೋಚನೆ ಒಂದೇ ಕಡೆ ಬೇಕೆಂದರೆ ಜಿಲ್ಲೆಯ ಸಖಿ ಕೇಂದ್ರ. ವಕೀಲರಿಗೆ 15100; ಆದಾಯ ಎಷ್ಟೇ ಇರಲಿ, ಮಹಿಳೆಗೆ ಕಾನೂನು ನೆರವು ಉಚಿತ. ನಿಮ್ಮ ಫೋನ್ ಹಿಂಸಿಸುವವನ ಕೈಗೂ ಸಿಗುವಂತಿದ್ದರೆ ಅಂಗನವಾಡಿ ಕಾರ್ಯಕರ್ತೆಯ ಅಥವಾ ನೆರೆಯವರ ಫೋನಿನಿಂದ ಮಾಡಿ. ಹಿಂಸೆಯನ್ನು ಕಂಡವರು ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬರದಂತೆ ಸೆಕ್ಷನ್ 4 ಕಾಯುತ್ತದೆ.