ಚೀಲದೊಳಗಿನ ಹತ್ತು ಕಿಲೋ

ಡಿಎಪಿ ಗೊಬ್ಬರದ ಚೀಲದ ಮೇಲೆ 18-46-0 ಅಂತ ಅಚ್ಚಾಗಿರುತ್ತದೆ. ನೂರಕ್ಕೆ 46 ಪಾಲು ರಂಜಕ (ಫಾಸ್ಫರಸ್) ಅಂತಲೇ ಬಹಳ ಜನ ಓದಿಕೊಳ್ಳುತ್ತಾರೆ. ಅಲ್ಲ, ಅದು ರಂಜಕದ ಜೊತೆ ಆಮ್ಲಜನಕವನ್ನೂ ತೂಗಿದ ಹಳೇ ಕಾಲದ ಲೆಕ್ಕ. 50 ಕಿಲೋ ಚೀಲದಲ್ಲಿ ಬರೀ ರಂಜಕ ಇರುವುದು ಸುಮಾರು 10 ಕಿಲೋ.

ಸಾರಜನಕವನ್ನಾದರೆ ಗಾಳಿಯಿಂದ ಹಿಡಿಯಬಹುದು. ರಂಜಕಕ್ಕೆ ಬಂಡೆಯನ್ನೇ ಅಗೆಯಬೇಕು. ಜಗತ್ತಿನ ನಿಕ್ಷೇಪದಲ್ಲಿ ನೂರಕ್ಕೆ 70ರಷ್ಟು ಮೊರಾಕೊ ಮತ್ತು ಪಶ್ಚಿಮ ಸಹಾರಾದಲ್ಲೇ ಇದೆ. 2030ರ ಸುಮಾರಿಗೆ ಗಣಿಗಾರಿಕೆ ಇಳಿಮುಖ ಅಂತ 2009ರಲ್ಲಿ ಗಾಬರಿ ಎದ್ದಿತ್ತು. ಮರುವರ್ಷವೇ ಮೊರಾಕೊದ ಅಂದಾಜು ಹಲವು ಪಟ್ಟು ಏರಿತು, ಗಾಬರಿ ತಣ್ಣಗಾಯ್ತು. ನನಗೆ ಚಿಂತೆ ಗಣಿಯದ್ದಲ್ಲ, ಹೊಲದ್ದು.

ಹಾಕಿದ ವರ್ಷ ಬೆಳೆಗೆ ದಕ್ಕುವುದು ಹೆಚ್ಚೆಂದರೆ ಕಾಲು ಪಾಲು. ಮಿಕ್ಕಿದ್ದು? ಕೆಮ್ಮಣ್ಣಿಗೆ ಆ ಬಣ್ಣ ಬಂದದ್ದು ಕಬ್ಬಿಣದಿಂದ. ಕರಗಿದ ರಂಜಕ ಸಿಕ್ಕರೆ ಸಾಕು, ಕಬ್ಬಿಣ, ಅಲ್ಯೂಮಿನಿಯಂ ಎರಡೂ ಬೆಲ್ಲ ಕಂಡ ಇರುವೆಯಂತೆ ಮುತ್ತುತ್ತವೆ. ಮೊದಮೊದಲು ಅದು ಕೈಗೆ ಮೆತ್ತಿದ ಹಲಸಿನ ಮೇಣ, ಎಣ್ಣೆ ಸವರಿದರೆ ಬಿಡುತ್ತದೆ. ಬೇರು ಒಸರುವ ಹುಳಿಯೇ ಇಲ್ಲಿ ಎಣ್ಣೆ. ತಡವಾದರೆ ಮೇಣ ಹೋಗಿ ಸಿಮೆಂಟು, ಆಮೇಲೆ ಯಾವ ಹುಳಿಗೂ ಜಗ್ಗುವುದಿಲ್ಲ. ಎರೆಮಣ್ಣಿನಲ್ಲಿ ಇದೇ ಕೆಲಸ ಸುಣ್ಣದ್ದು. ಸಾಲದ್ದಕ್ಕೆ ರಂಜಕ ಮಣ್ಣಿನಲ್ಲಿ ಬೇರಿನತ್ತ ಸರಿಯುವುದು ಕೆಲವೇ ಮಿಲಿಮೀಟರು. ಅದಕ್ಕೇ ಬಿತ್ತುವಾಗ ಸಾಲಿನಲ್ಲೇ, ಬೀಜದ ಪಕ್ಕಕ್ಕೆ ಬೀಳಬೇಕು. ಮೇಲೆ ಎರಚಿ ‘ಇನ್ನೊಂದು ಚೀಲ ಜಾಸ್ತಿ ಹಾಕೋಣ’ ಅನ್ನುವುದು ಸುಮ್ನೆ ದುಡ್ಡು ಹೂಳಿದ ಹಾಗೆ.

ರಂಜಕ ಮೊದಲು ಸಿಕ್ಕಿದ್ದೂ ತಮಾಷೆಯೇ. 1669ರಲ್ಲಿ ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ ಚಿನ್ನ ಸಿಗುತ್ತದೆಂದು ಹಂಡೆಗಟ್ಟಲೆ ಉಚ್ಚೆ ಕುದಿಸಿದ. ಚಿನ್ನದ ಬದಲು ಕತ್ತಲಲ್ಲಿ ಮಿನುಗುವ ಮೇಣದಂಥ ವಸ್ತು ಸಿಕ್ಕಿತು! ನಾವು ತಿಂದ ರಂಜಕ ಹೆಚ್ಚಾಗಿ ಹೊರಬೀಳುವುದೂ ಆ ದಾರಿಯಲ್ಲೇ, ಅಲ್ವಾ?

ಕೋಲಾರದ ರಾಗಿ, ಟೊಮೆಟೊ ಬೆಂಗಳೂರಿಗೆ ಬರುತ್ತದೆ. ಬೆಂಗಳೂರಿನ ಕೊಳಚೆ ಎರಡು ಹಂತ ಶುದ್ಧವಾಗಿ 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ಪೈಪಿನಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ನೀರಿನ ಬಗ್ಗೆ ಜಗಳ ಜೋರಾಗಿದೆ, ಅದರಲ್ಲಿ ಉಳಿದ ರಂಜಕದ ಬಗ್ಗೆ ಮಾತು ಕಡಿಮೆ. ಅದು ಜೊಂಡಿಗೆ, ಪಾಚಿಗೆ, ಕೊನೆಗೆ ಕೆರೆಗೋಡಿಗೆ, ಅಂದರೆ ತಳದ ಹೂಳಿಗೆ ಸೇರುತ್ತದೆ. ಬೇಸಿಗೆಯಲ್ಲಿ ಗಾಡಿ ಕಟ್ಟಿ ಹೊಲಕ್ಕೆ ಗೋಡು ಹೊಡೆಯುತ್ತಿದ್ದವರು ಈ ಭಾಗದ ರೈತರೇ. ಈಗ ಹೊಡೆಯುವ ಮೊದಲು ಸೀಸ, ಕ್ಯಾಡ್ಮಿಯಂ ಇದೆಯೇ ಅಂತ ಒಮ್ಮೆ ಪರೀಕ್ಷೆ ಮಾಡಿಸಬೇಕು.